ಹಂಗಾದ್ರೆ ನಾವು ಟೈಲ್ ಎಂಡಾ?

ನಮ್ಮೂರು ನಾಲೆಯ ಕೊನೆಯಲ್ಲಿದೆ. ಮದ್ದೂರು ತಾಲ್ಲೂಕು. ವಿಶ್ವೇಶ್ವರಯ್ಯ ನಾಲೆಯ ಒಂದು ಕವಲು ಊರೂರು ದಾಟಿ, ಸಣ್ಣದಾಗುತ್ತಾ ಸಣ್ಣದಾಗುತ್ತಾ ಬಂದು, ಒಂದು ಹುಣಸೆಮರದ ಹತ್ತಿರ ಮುಗಿಯುತ್ತದೆ. ಆ ಮರದ ಕೆಳಗಿನ ಎರಡು ಎಕರೆ ನಮ್ಮದು. ಇಂಥ ಜಮೀನಿಗೆ ನಮ್ಮ ಕಡೆ ಇರುವುದು ಒಂದೇ ಹೆಸರು, ಟೈಲ್ ಎಂಡ್. ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮಜ್ಜಿಗೂ ಈ ಇಂಗ್ಲಿಷ್ ಮಾತು ಸಲೀಸಾಗಿ ಬರುತ್ತಿತ್ತು. ಹೆಣ್ಣು ಕೊಡುವವರು, ಸಾಲ ಕೊಡುವವರು, ಎಲ್ಲರೂ ಮೊದಲು ಕೇಳುವುದು ಅದನ್ನೇ. ಜಮೀನು ಟೈಲ್ ಎಂಡಾ?

ಮಂಡ್ಯ ಸೀಮೆಯ ಮಕ್ಕಳಿಗೆ ಮಗ್ಗಿ ಬಾಯಿಗೆ ಬರುವ ಮೊದಲೇ 124.80 ಅನ್ನುವ ಸಂಖ್ಯೆ ಗೊತ್ತಿರುತ್ತದೆ. ಕನ್ನಂಬಾಡಿ ಕಟ್ಟೆ ತುಂಬಿದಾಗ ನಿಲ್ಲುವ ಅಡಿ ಅದು. ಬೆಳಗ್ಗೆ ಪೇಪರ್ ಬಂದರೆ ಅಪ್ಪ ಮೊದಲು ಹುಡುಕುತ್ತಿದ್ದದ್ದು ಮೂಲೆಯಲ್ಲಿ ಹಾಕುವ ಸಣ್ಣ ಪಟ್ಟಿಯನ್ನು. ಇವತ್ತಿನ ಮಟ್ಟ, ಒಳಹರಿವು, ಹೊರಹರಿವು. ಹಾಗಂತ ಕಟ್ಟೆ ತುಂಬಿತು ಅಂದರೆ ನಮಗೆ ನೀರು ಬಂತು ಅಂತಲ್ಲ. ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ, ಇಷ್ಟು ದಿನ ಹರಿಸುವುದು, ಇಷ್ಟು ದಿನ ನಿಲ್ಲಿಸುವುದು. ಬಿಟ್ಟ ನೀರು ಹುಲಿಕೆರೆ ಸುರಂಗ ದಾಟಿ, ದಾರಿಯುದ್ದದ ಕಬ್ಬು, ಭತ್ತ ಎಲ್ಲ ಕುಡಿದು, ಉಳಿದರೆ ನಮಗೆ. ಅದೂ ರಾತ್ರಿ ಹೊತ್ತು, ಮೇಲಿನ ಗದ್ದೆಗಳ ತೂಬು ಮುಚ್ಚಿದ ಮೇಲೆ.

ಹಾಗಾಗಿ ನೀರು ಕಾಯುವುದು ನಮ್ಮ ಮನೆಯಲ್ಲಿ ರಾತ್ರಿ ಕೆಲಸ. ಗಂಡುಮಕ್ಕಳಿಲ್ಲದ ಮನೆ. ಬ್ಯಾಟರಿ ಹಿಡಿದು ಅಪ್ಪನ ಹಿಂದೆ ಹೋಗುತ್ತಿದ್ದವಳು ನಾನು. ಒಣಗಿದ ಕಾಲುವೆಗೆ ನೀರು ಬರುವುದನ್ನು ಎಷ್ಟು ಸಲ ನೋಡಿದ್ದೇನೋ. ಮೊದಲು ನೀರು ಕಾಣುವುದೇ ಇಲ್ಲ. ಒಣಗಿದ ಎಲೆ, ಕಡ್ಡಿ, ನೊರೆ, ಗಾಬರಿಯಾದ ಇರುವೆಗಳು, ಇವೆಲ್ಲ ಒಂದು ಸಾಲಾಗಿ ಮುಂದೆ ಮುಂದೆ ಸರಿದು ಬರುತ್ತವೆ. ಅವುಗಳ ಹಿಂದೆ ನೀರು. ಬಂದ ತಕ್ಷಣ ಅಪ್ಪ ಬಗ್ಗಿ ಎರಡು ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಆಮೇಲೆ ಗುದ್ದಲಿ.

ಹಳೆಯ ಗ್ರೀಕ್ ತತ್ತ್ವಜ್ಞಾನಿ ಪ್ಲೊಟೈನಸ್‌ನ ವಿಷಯ ನಾನು ಅಪ್ಪನಿಗೆ ಹೇಳಿದ್ದು ಇಂಥದ್ದೊಂದು ರಾತ್ರಿ. ತತ್ತ್ವಶಾಸ್ತ್ರದ ಎಂ.ಎ.ಗೆ ಮೈಸೂರಿಗೆ ಹೋಗಿದ್ದೆ. ದಸರಾ ರಜೆಗೆ ಊರಿಗೆ ಬಂದಿದ್ದೆ. ಹುಣಸೆಮರದ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿದ್ದೆವು. ನಾಲೆಯ ನೀರು ಬಿಡುವ ಸೌಡಿ, ಮೇಲಿನ ತೂಬು ಮುಚ್ಚುವುದು ಹನ್ನೆರಡಾಗಬಹುದು ಅಂದಿದ್ದ. ಹೊತ್ತು ಹೋಗಬೇಕಲ್ವಾ, ಕ್ಲಾಸಿನಲ್ಲಿ ಆಗಷ್ಟೇ ಕೇಳಿದ್ದನ್ನು ಹೇಳತೊಡಗಿದೆ. ದೇವರು ಕುಂಬಾರನ ಥರ ಕೂತು ಲೋಕವನ್ನು ಮಾಡಲಿಲ್ಲವಂತೆ ಅಪ್ಪ. ಒಂದು ಒರತೆ ಇದೆಯಂತೆ. ಅದು ತುಂಬಿ ತುಳುಕುತ್ತದೆ. ತುಳುಕಿದ್ದರಿಂದ ಮೊದಲು ಬುದ್ಧಿ, ಬುದ್ಧಿಯಿಂದ ಜೀವ, ಜೀವದಿಂದ ಈ ಕಾಣುವ ಲೋಕ. ಕೆಳಗೆ ಇಳಿದಂತೆಲ್ಲ ಬೆಳಕು ಕಮ್ಮಿ ಆಗುತ್ತಾ ಬರುತ್ತದೆ. ಮಣ್ಣು ಕಟ್ಟಕಡೆಯದು.

ಅಪ್ಪ ಬೀಡಿ ಆರಿಸಿದ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ. "ಹಂಗಾದ್ರೆ ನಾವು ಅಲ್ಲೂ ಟೈಲ್ ಎಂಡಾ ಮಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷವಾಯಿತು. ಈಗ ಇರುವುದು ಮೈಸೂರಿನಲ್ಲೇ, ಕುಕ್ಕರಹಳ್ಳಿ ಕೆರೆಗೆ ಹತ್ತಿರ. ಬೆಳಗ್ಗೆ ಏರಿ ಮೇಲೆ ನಡೆಯುವಾಗ ಆ ಪ್ರಶ್ನೆ ಎಷ್ಟೋ ಸಲ ನನ್ನ ಜೊತೆಗೇ ನಡೆದಿದೆ. ಕೆರೆಯಾಚೆ ನಾನು ಓದಿದ ಮಾನಸಗಂಗೋತ್ರಿ. ಕುವೆಂಪು ಇಟ್ಟ ಹೆಸರು ಅದು. ಗಂಗೆ ಹುಟ್ಟುವ ಜಾಗ, ಆದರೆ ಮನಸ್ಸಿನಲ್ಲಿ. ಎರಡು ವರ್ಷ ಆ ಹೆಸರಿನ ಕೆಳಗೆ ಓಡಾಡಿದರೂ ಅದರ ಅರ್ಥ ಬಿಡಿಸಿ ನೋಡಿದ್ದು ಎಷ್ಟೋ ಕಾಲದ ಮೇಲೆ.

ಪ್ಲೊಟೈನಸ್ ಮೂರನೇ ಶತಮಾನದವನು. ಅಲೆಕ್ಸಾಂಡ್ರಿಯಾದಲ್ಲಿ ಕಲಿತ, ರೋಮ್‌ನಲ್ಲಿ ಪಾಠ ಹೇಳಿದ, ಕ್ರಿ.ಶ. 270ರಲ್ಲಿ ತೀರಿಕೊಂಡ. ಅವನ 54 ಬರಹಗಳನ್ನು ಶಿಷ್ಯ ಪೋರ್ಫಿರಿ ಒಂಬತ್ತೊಂಬತ್ತರ ಆರು ಕಟ್ಟು ಮಾಡಿ ಉಳಿಸಿದ. ಗುರುವಿನ ಬದುಕನ್ನೂ ಬರೆದಿಟ್ಟ. ಅದರಲ್ಲಿ ಒಂದು ಸಂಗತಿ ಇದೆ. ಪರ್ಷಿಯಾದವರ ಮತ್ತು ಇಂಡಿಯಾದವರ ತತ್ತ್ವ ಏನೆಂದು ತಿಳಿಯಬೇಕೆಂಬ ಆಸೆಗೆ ಪ್ಲೊಟೈನಸ್ 243ರ ಸುಮಾರಿಗೆ ಚಕ್ರವರ್ತಿ ಮೂರನೇ ಗೋರ್ಡಿಯನ್‌ನ ದಂಡಿನ ಜೊತೆ ಪೂರ್ವಕ್ಕೆ ಹೊರಟನಂತೆ. ದಾರಿಯಲ್ಲಿ, ಮೆಸೊಪೊಟೇಮಿಯದಲ್ಲಿ ಚಕ್ರವರ್ತಿಯೇ ಸತ್ತ. ಪ್ಲೊಟೈನಸ್ ಹೇಗೋ ಜೀವ ಉಳಿಸಿಕೊಂಡು ಅಂಟಿಯೋಕ್‌ಗೆ ಓಡಿದ. ಇಲ್ಲಿಗೆ ಬರಲೇ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಅಷ್ಟು ದೂರದಿಂದ ಕೇಳಿಕೊಂಡು ಹೊರಟವನು ಅರ್ಧ ದಾರಿಯಲ್ಲಿ ತಿರುಗಿ ಹೋಗಬೇಕಾಯಿತು.

ಅವನು ಮೂಲವನ್ನು ಸುಮ್ಮನೆ 'ಒಂದು' ಅಂತ ಕರೆಯುತ್ತಾನೆ. ಅದಕ್ಕೆ ಬೇರೆ ಹೆಸರು ಕೊಡಲು ಅವನಿಗೆ ಮನಸ್ಸಿಲ್ಲ. ಅದಕ್ಕೆ ಬೇಕು ಅನ್ನುವುದು ಏನೂ ಇಲ್ಲ, ತುಂಬಿದೆ, ಅದಕ್ಕೇ ತುಳುಕುತ್ತದೆ. ಬೇರೆ ಮೂಲವಿಲ್ಲದ ಒರತೆ ಎಲ್ಲ ಹೊಳೆಗಳಿಗೂ ತನ್ನನ್ನು ಕೊಟ್ಟು ತಾನು ಹಾಗೇ ಉಳಿಯುವ ಚಿತ್ರ ಅವನದೇ. ಸೂರ್ಯ ಮತ್ತು ಬೆಳಕಿನ ಚಿತ್ರವೂ ಇದೆ. ಕಟ್ಟೆಯ ನೀರು ಕುಡಿದು ಬೆಳೆದ ನನಗೆ ಮೊದಲು ಕಷ್ಟವಾದದ್ದು ಇದೇ. ಹೊರಹರಿವು ಜಾಸ್ತಿಯಾದರೆ ಮಟ್ಟ ಇಳಿಯಲೇಬೇಕು. ಕೊಟ್ಟರೂ ಕಮ್ಮಿಯಾಗದ್ದು ಯಾವುದಿದೆ?

ಇದೆ. ಕಾರ್ತಿಕದಲ್ಲಿ ಅವ್ವ ಒಂದು ಹಣತೆಯಿಂದ ಸಾಲಾಗಿ ಹಣತೆ ಹಚ್ಚುತ್ತಾ ಹೋಗುತ್ತಾಳೆ. ಮೊದಲ ದೀಪ ಇಷ್ಟೂ ಕುಗ್ಗುವುದಿಲ್ಲ. ಪಾಠ ಹೇಳಿದ ಮೇಷ್ಟರಲ್ಲಿ ಪಾಠ ಖಾಲಿಯಾಗುವುದಿಲ್ಲ. ನಮ್ಮಲ್ಲಿ ಯಾವ ಪೂಜೆಯಲ್ಲಾದರೂ ಕಿವಿಗೆ ಬೀಳುವ 'ಪೂರ್ಣಮದಃ ಪೂರ್ಣಮಿದಂ' ಹೇಳುವುದೂ ಇದನ್ನೇ ಅಲ್ವಾ? ಅದೂ ತುಂಬಿದೆ, ಇದೂ ತುಂಬಿದೆ. ತುಂಬಿದ್ದರಿಂದ ತುಂಬಿದ್ದು ಎದ್ದು ಬರುತ್ತದೆ. ತೆಗೆದ ಮೇಲೂ ಉಳಿಯುವುದು ತುಂಬಿದ್ದೇ. ಆ ಮಂತ್ರದ ಎರಡನೇ ಮಾತು ಅವತ್ತೇ ನನ್ನ ಕಿವಿಯಲ್ಲಿ ನಿಂತಿದ್ದರೆ ಅಪ್ಪನಿಗೆ ಉತ್ತರ ಸಿಗುತ್ತಿತ್ತು. 'ಇದೂ' ತುಂಬಿದೆ. ಇದು ಅಂದರೆ ಇಲ್ಲಿಯದು.

ಇನ್ನೊಂದು ಮಾತು ನನಗೆ ಬಹಳ ಮುಖ್ಯ. ಬಡಗಿ ಸತ್ತರೂ ಅವನು ಮಾಡಿದ ಮಂಚದಲ್ಲಿ ಮೊಮ್ಮಕ್ಕಳು ಮಲಗುತ್ತಾರೆ. ದೀಪ ಆರಿದರೆ ಬೆಳಕು ಉಳಿಯುವುದಿಲ್ಲ. ಮಾಡುವುದಕ್ಕೂ ಹರಿಯುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ. ದೇವರು ಬಡಗಿಯಾದರೆ ಸೃಷ್ಟಿ ಎಂದೋ ಮುಗಿದ ಕೆಲಸ. ಒರತೆಯಾದರೆ ಅದು ಈಗ ನಡೆಯುತ್ತಿದೆ. ನೀವು ಇದನ್ನು ಓದುವ ಈ ಗಳಿಗೆಯೂ ಅಲ್ಲಿಂದಲೇ ಬರುತ್ತಿದೆ. ಅದಕ್ಕೇ ಈ ವಿಚಾರವನ್ನು ಬಿಗ್ ಬ್ಯಾಂಗ್ ಜೊತೆ ಗಂಟು ಹಾಕುವುದು ನನಗೆ ಸರಿ ಕಾಣುವುದಿಲ್ಲ. ವಿಜ್ಞಾನಿಗಳು ಹೇಳುವುದು ಸುಮಾರು 1380 ಕೋಟಿ ವರ್ಷದ ಹಿಂದೆ ವಿಶ್ವ ಹೇಗಿತ್ತು, ಹೇಗೆ ಹಿಗ್ಗಿತು ಅಂತ. ಅದು ಹಿಂದಿನ ಕಥೆ. ಪ್ಲೊಟೈನಸ್ ಕೇಳುತ್ತಿರುವುದು ಈಗ, ಈ ಕ್ಷಣ, ಏನಾದರೂ ಯಾಕೆ ಇದೆ ಅಂತ. ಎರಡೂ ದೊಡ್ಡ ಪ್ರಶ್ನೆಗಳು. ಒಂದಕ್ಕೆ ಇನ್ನೊಂದರ ಸರ್ಟಿಫಿಕೇಟ್ ಬೇಕಿಲ್ಲ.

ಹರಿದದ್ದು ಹರಿದು ಹೋಗುವುದಿಲ್ಲ, ತಿರುಗಿ ತನ್ನ ಮೂಲವನ್ನು ನೋಡುತ್ತದೆ ಅಂತಲೂ ಅವನು ಹೇಳಿದ್ದಾನೆ. ಹಾಗೆ ತಿರುಗಿ ನೋಡಿದಾಗಲೇ ಅದಕ್ಕೊಂದು ರೂಪ ಬರುವುದು. ಈ ಅರ್ಧವನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ. ಆಗ ನನಗೇ ಅದು ಮುಖ್ಯ ಅನ್ನಿಸಿರಲಿಲ್ಲ.

ಒಂಬತ್ತನೇ ಶತಮಾನದಲ್ಲಿ ಪ್ಲೊಟೈನಸ್‌ನ ಬರಹದ ಒಂದು ಭಾಗ ಬಾಗ್ದಾದಿನಲ್ಲಿ ಅರಬ್ಬಿಗೆ ಬಂತು. ಅದೂ ಅರಿಸ್ಟಾಟಲ್‌ನ ಹೆಸರಿನಲ್ಲಿ. ಅಲ್ಲಿಂದ ಅರಬ್ಬಿಯಲ್ಲಿ ಬರೆದ ತತ್ತ್ವಜ್ಞಾನಿಗಳಾದ ಫಾರಾಬಿ, ಇಬ್ನ್ ಸಿನಾ ಅವರಿಗೆ. ಇಬ್ನ್ ಸಿನಾನ ಲೆಕ್ಕ ಇನ್ನೂ ಕಟ್ಟುನಿಟ್ಟು. ಮೊದಲನೆಯದರಿಂದ ಒಂದು ಬುದ್ಧಿ, ಅದರಿಂದ ಇನ್ನೊಂದು, ಹೀಗೆ ಹತ್ತು. ಹತ್ತನೆಯದು ಚಂದ್ರನ ಕೆಳಗಿರುವ ನಮ್ಮ ಈ ಲೋಕದ್ದು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಗೋಡೆಯ ಮೇಲಿನ ನಾಲೆಗಳ ನಕ್ಷೆ. ಮುಖ್ಯ ನಾಲೆ, ಉಪನಾಲೆ, ವಿತರಣಾ ನಾಲೆ, ಹೊಲಗಾಲುವೆ. ಹತ್ತನೇ ತೂಬಿನ ಕೆಳಗೆ ನಾವು.

ಇಲ್ಲಿ ಒಂದು ವಿಷಯ ಹೊಳೆಯಿತು. ಹೊಳೆಯೂ ಹರಿಯುತ್ತದೆ, ನಾಲೆಯೂ ಹರಿಯುತ್ತದೆ. ಆದರೆ ಹೊಳೆ ಮುಂದೆ ಹೋದಂತೆ ದೊಡ್ಡದಾಗುತ್ತದೆ. ನಾಲೆ ಮುಂದೆ ಹೋದಂತೆ ಸಣ್ಣದಾಗುತ್ತದೆ. ಹೊಳೆ ಕೂಡಿಸಿಕೊಳ್ಳುತ್ತದೆ, ನಾಲೆ ಹಂಚುತ್ತದೆ. ತಲಕಾವೇರಿಗೆ ಹೋದವರಿಗೆ ಗೊತ್ತು, ಅಲ್ಲಿರುವುದು ಒಂದು ಪುಟ್ಟ ಕುಂಡಿಕೆ. ಅಲ್ಲಿ ನಿಂತು ನೋಡಿದರೆ, ಮಳೆಗಾಲ ಬಿಟ್ಟರೆ, ಹೊಳೆ ಹರಿದು ಹೋಗುವುದೇ ಕಾಣುವುದಿಲ್ಲ. ನೆಲದೊಳಗೆ ಇಳಿದು ಕೆಳಗೆ ಎಲ್ಲೋ ಏಳುತ್ತದೆ ಅನ್ನುತ್ತಾರೆ. ಆಮೇಲೆ ಹೇಮಾವತಿ, ಲಕ್ಷ್ಮಣತೀರ್ಥ, ಹೆಸರೇ ಇಲ್ಲದ ನೂರಾರು ಹಳ್ಳಗಳು ಸೇರಿ ಕನ್ನಂಬಾಡಿಗೆ ಬರುವಾಗ ಅದು ಸಮುದ್ರದಂತೆ ನಿಲ್ಲುತ್ತದೆ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯ ಆಚೆ ಕೂಡುವ ಹೊಳೆ, ಈಚೆ ಹಂಚುವ ನಾಲೆ. ನನಗೆ ಅನ್ನಿಸುವುದು ಇದು. ಲೋಕ ದೇವರಿಂದ ಹರಿಯಿತು ಅಂದಾಗ ನಾವು ಗೊತ್ತಿಲ್ಲದೆ ನಾಲೆಯನ್ನೇ ನೆನೆಯುತ್ತೇವೆ. ಮೇಲಿನವರಿಗೆ ಜಾಸ್ತಿ, ಕೆಳಗಿನವರಿಗೆ ಕಮ್ಮಿ. ದೂರ ಅನ್ನುವುದು ನಾಲೆಯ ಲೆಕ್ಕ. ಅದನ್ನು ದೇವರಿಗೆ ಹಚ್ಚಿದ್ದು ಯಾರು?

ಈ ಗಂಟು ಸ್ವಲ್ಪ ಸಡಿಲವಾದದ್ದು ಮೇಲುಕೋಟೆಯಲ್ಲಿ. ಯೋಗಾನರಸಿಂಹನ ಬೆಟ್ಟ ಹತ್ತಿ ಇಳಿದು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹಿರಿಯರು, ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಮಾತಿಗೆ ಮಾತು ಬಂತು. ಅಪ್ಪನ ಪ್ರಶ್ನೆಯನ್ನು ಅವರ ಮುಂದೆ ಹಾಗೇ ಇಟ್ಟೆ. ಅವರು ತಕ್ಷಣ ಏನೂ ಹೇಳಲಿಲ್ಲ. ನೀರಿನಲ್ಲಿ ಇಳಿಬಿಟ್ಟಿದ್ದ ನನ್ನ ಕಾಲು ತೋರಿಸಿದರು. "ನಿಮ್ಮ ಕಾಲ್ಬೆರಳು ನಿಮಗೆ ಎಷ್ಟು ದೂರ ಅಮ್ಮಾ?"

ನಾನು ನಾಲ್ಕಡಿ, ಐದಡಿ ಅಂತೇನೋ ಹೇಳಹೊರಟೆ.

"ಅದು ನಿಮ್ಮ ತಲೆಗೂ ಬೆರಳಿಗೂ ಇರುವ ದೂರ. ನಾನು ಕೇಳಿದ್ದು ನಿಮಗೂ ಬೆರಳಿಗೂ ಎಷ್ಟು ದೂರ ಅಂತ. ಮುಳ್ಳು ಚುಚ್ಚಿದರೆ ಬೆರಳಿಗೆ ನೋವಾಯಿತು ಅಂತೀರೋ, ನನಗೆ ನೋವಾಯಿತು ಅಂತೀರೋ?"

ಆಮೇಲೆ ರಾಮಾನುಜರ ಮಾತು ತೆಗೆದರು. ಸಂಪ್ರದಾಯದ ಲೆಕ್ಕದಲ್ಲಿ ರಾಮಾನುಜರು ಹುಟ್ಟಿದ್ದು 1017ರಲ್ಲಿ. ಇಬ್ನ್ ಸಿನಾ ಸತ್ತದ್ದು 1037ರಲ್ಲಿ. ಆ ಲೆಕ್ಕದಲ್ಲಿ ಇಬ್ಬರೂ ಇಪ್ಪತ್ತು ವರ್ಷ ಒಂದೇ ಆಕಾಶದ ಕೆಳಗಿದ್ದರು. ತಮಿಳುನಾಡಿನ ಶ್ರೀಪೆರುಂಬುದೂರಿನ ರಾಮಾನುಜರು ಹನ್ನೆರಡು ವರ್ಷ ಈ ಸೀಮೆಯಲ್ಲಿದ್ದರು ಅನ್ನುವುದು ಮೇಲುಕೋಟೆಯ ನೆನಪು. ಅವರ ಪ್ರಕಾರ ಈ ಲೋಕ ದೇವರ ಶರೀರ. ಸೃಷ್ಟಿಗೆ ಮೊದಲು ಈ ಶರೀರ ಸೂಕ್ಷ್ಮವಾಗಿತ್ತು, ಹೆಸರಿಲ್ಲದೆ, ರೂಪವಿಲ್ಲದೆ. ಸೃಷ್ಟಿ ಅಂದರೆ ಅದು ಬಿಚ್ಚಿಕೊಂಡದ್ದು. ಮಗು ಬೆಳೆದು ಮುದುಕಿಯಾದರೂ ಒಳಗಿನ 'ನಾನು' ಬದಲಾಗದ ಹಾಗೆ, ಬದಲಾವಣೆಯೆಲ್ಲ ಶರೀರಕ್ಕೆ. ಹಾಗಾಗಿ ಮೂಲ ಕಮ್ಮಿಯಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಶರೀರದಲ್ಲಿ ಟೈಲ್ ಎಂಡ್ ಇಲ್ಲ. ತುದಿ ಇದೆ, ಉಗುರು ಇದೆ, ಹಿಮ್ಮಡಿ ಇದೆ. ಆದರೆ ಜೀವಕ್ಕೆ ಯಾವುದೂ ಹೊರಗಲ್ಲ.

ಇದಕ್ಕೆ ಆಧಾರವಾಗಿ ಆ ಹಿರಿಯರು ನೆನಪಿಸಿದ್ದು ಬೃಹದಾರಣ್ಯಕ ಉಪನಿಷತ್ತಿನಲ್ಲಿ ಉದ್ದಾಲಕ ಆರುಣಿಗೆ ಯಾಜ್ಞವಲ್ಕ್ಯ ಕೊಡುವ ಉತ್ತರ. ಮಣ್ಣಿನಲ್ಲಿ ಇದ್ದುಕೊಂಡು, ಮಣ್ಣಿಗೆ ಗೊತ್ತಿಲ್ಲದೆ, ಮಣ್ಣನ್ನೇ ಶರೀರ ಮಾಡಿಕೊಂಡು, ಒಳಗಿನಿಂದ ಅದನ್ನು ನಡೆಸುವವನು ಯಾರೋ ಅವನೇ ಅಂತರ್ಯಾಮಿ. ಆಮೇಲೆ ನೀರು. ನೀರಿಗೆ ಗೊತ್ತಿಲ್ಲದೆ ನೀರಿನಲ್ಲಿ. ಆಮೇಲೆ ಬೆಂಕಿ, ಗಾಳಿ, ಸೂರ್ಯ, ಕಿವಿ, ಕಣ್ಣು, ಪಟ್ಟಿ ಉದ್ದವಿದೆ. ಮನೆಗೆ ಬಂದು ಮತ್ತೆ ತೆಗೆದು ನೋಡಿದೆ. ಪಟ್ಟಿ ಶುರುವಾಗುವುದೇ ಮಣ್ಣಿನಿಂದ. ಪ್ಲೊಟೈನಸ್‌ನಲ್ಲಿ ಕಟ್ಟಕಡೆಗೆ ನಿಂತದ್ದು ಇಲ್ಲಿ ಮೊದಲಿಗೆ ಕೂತಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ಲೊಟೈನಸ್‌ನನ್ನು ಕೆಳಗೆ ಹಾಕುವುದಕ್ಕೆ ಇದನ್ನು ಬರೆಯುತ್ತಿಲ್ಲ. ಲೋಕವೇ ಕೆಟ್ಟದ್ದು ಅಂದವರ ಮೇಲೆ ಅವನು ಕೋಪದಿಂದ ಬರೆದಿದ್ದಾನೆ, ಈ ಲೋಕದ ಚೆಲುವನ್ನು ಎತ್ತಿ ಹಿಡಿದಿದ್ದಾನೆ. ಆದರೂ ಪೋರ್ಫಿರಿ ಶುರುವಿನಲ್ಲೇ ಒಂದು ಮಾತು ಹೇಳುತ್ತಾನೆ. ಮೈಯಲ್ಲಿ ಇರುವುದಕ್ಕೆ ತನ್ನ ಗುರು ನಾಚಿಕೊಳ್ಳುವಂತೆ ಇತ್ತು, ಹೆತ್ತವರು ಯಾರು, ಊರು ಯಾವುದು ಅಂತ ಹೇಳುತ್ತಿರಲಿಲ್ಲ ಎಂದು. ನನಗೆ ಇಲ್ಲಿ ಮನಸ್ಸು ನಿಂತುಬಿಡುತ್ತದೆ. ಅಪ್ಪ ಯಾರು, ಊರು ಯಾವುದು ಅಂತ ಹೇಳದೆ ನನಗೆ ಈ ವಿಚಾರವನ್ನು ಶುರು ಮಾಡಲೇ ಆಗಲಿಲ್ಲ.

ನಮ್ಮಲ್ಲೂ ಎಲ್ಲರೂ ಒಂದೇ ಮಾತು ಹೇಳಿಲ್ಲ. ಬ್ರಹ್ಮಸೂತ್ರದ ಎರಡನೇ ಸೂತ್ರ ಬಹಳ ಚಿಕ್ಕದು. ಇದರ ಹುಟ್ಟು ಮುಂತಾದವು ಯಾವುದರಿಂದಲೋ ಅದು ಬ್ರಹ್ಮ, ಅಷ್ಟೇ. ಆ 'ಯಾವುದರಿಂದ' ಅನ್ನುವ ಒಂದು ಮಾತಿನ ಮೇಲೆ ಸಾವಿರ ವರ್ಷ ಚರ್ಚೆ ನಡೆದಿದೆ. ಹಗ್ಗ ಹಾವಾಗಿ ಕಂಡ ಹಾಗೆ ಅಂದರು ಶಂಕರರ ದಾರಿಯವರು, ನಿಜಕ್ಕೂ ಏನೂ ಹರಿದಿಲ್ಲ. ಮಧ್ವರು ಲೋಕ ನಿಜ, ಆದರೆ ದೇವರೇ ಲೋಕವಾಗಿ ಬದಲಾದ ಅನ್ನುವುದನ್ನು ಒಪ್ಪಲಿಲ್ಲ. ಮಡಕೆಗೆ ಕುಂಬಾರ ಹೇಗೋ ಹಾಗೆ, ಅವನು ಬೇರೆ, ಇದು ಬೇರೆ. ಇವನ್ನೆಲ್ಲ ಓದಿ ಗೌರವದಿಂದ ಮುಚ್ಚಿಟ್ಟಿದ್ದೇನೆ. ನನ್ನ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾಲ್ಬೆರಳಿನಲ್ಲಿ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಭೃಗುವಿನ ಕಥೆ. ತೈತ್ತಿರೀಯ ಉಪನಿಷತ್ತಿನದು. ಮಗ ಅಪ್ಪನ ಹತ್ತಿರ ಬಂದು ಬ್ರಹ್ಮ ಅಂದರೇನು ಹೇಳು ಅನ್ನುತ್ತಾನೆ. ಅಪ್ಪ ಯಾರು? ವರುಣ. ನೀರಿನ ದೇವರ ಹೆಸರೇ ಆ ಅಪ್ಪನಿಗೆ. ಯಾವುದರಿಂದ ಇವೆಲ್ಲ ಹುಟ್ಟುತ್ತವೋ, ಹುಟ್ಟಿದವು ಯಾವುದರಿಂದ ಬದುಕುತ್ತವೋ, ಹೋಗುವಾಗ ಯಾವುದನ್ನು ಹೊಗುತ್ತವೋ, ಅದನ್ನು ನೀನೇ ಹುಡುಕು ಅಂತ ವರುಣ ಮಗನನ್ನು ಕಳಿಸುತ್ತಾನೆ. ಭೃಗು ತಪಸ್ಸು ಮಾಡಿ ಬಂದು ಮೊದಲು ಹೇಳುವುದು, ಅನ್ನವೇ ಬ್ರಹ್ಮ. ಅಪ್ಪ ತಪ್ಪು ಅನ್ನುವುದಿಲ್ಲ. ಇನ್ನೊಂದು ಸಲ ಹೋಗು ಅನ್ನುತ್ತಾನೆ, ಅಷ್ಟೇ. ಪ್ರಾಣ, ಮನಸ್ಸು, ಅರಿವು, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಭೃಗು ಕೊನೆಗೆ ಆನಂದಕ್ಕೆ ಬಂದು ನಿಲ್ಲುತ್ತಾನೆ. ಎಲ್ಲವೂ ಆನಂದದಿಂದಲೇ ಹುಟ್ಟಿದ್ದು.

ಬೇರೆ ಯಾರಾದರೂ ಬರೆದಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರೇನೋ. ಮೇಲೆ ಮುಟ್ಟಿದ ಮೇಲೆ ಕೆಳಗಿನ ಮೆಟ್ಟಿಲು ಯಾರಿಗೆ ಬೇಕು? ಆದರೆ ಉಪನಿಷತ್ತು ಮುಂದಿನ ಉಸಿರಿಗೇ ಕೆಳಗೆ ಇಳಿದು ಬರುತ್ತದೆ. ಅನ್ನವನ್ನು ಹೀಗಳೆಯಬೇಡ, ಅದು ವ್ರತ. ಅನ್ನವನ್ನು ಚೆಲ್ಲಬೇಡ. ಅನ್ನವನ್ನು ಹೆಚ್ಚಾಗಿ ಬೆಳೆ. ಮನೆಗೆ ಬಂದವರನ್ನು ಇಲ್ಲ ಅಂತ ಕಳಿಸಬೇಡ. ಆನಂದ ಕಂಡವನಿಗೆ ಹೇಳುವ ಮಾತುಗಳಿವು. ಇವನ್ನು ಮೊದಲ ಸಲ ಓದಿದಾಗ ನಮ್ಮವ್ವನೇ ಅಡುಗೆಮನೆಯಿಂದ ಬೈದ ಹಾಗೆ ಕೇಳಿಸಿತು. ತಟ್ಟೆಯಲ್ಲಿ ನಾಲ್ಕು ಅಗುಳು ಬಿಟ್ಟರೆ ಅವಳು ಬಿಡುತ್ತಿರಲಿಲ್ಲ. ಆ ನಾಲ್ಕು ಅಗುಳಿನ ಹಿಂದೆ ಎಷ್ಟು ರಾತ್ರಿಯ ನೀರು ಇದೆಯೆಂದು ಅವಳಿಗೆ ಗೊತ್ತಿತ್ತು.

ಕಳೆದ ಕಾರ್ತಿಕದಲ್ಲಿ ಊರಿಗೆ ಹೋಗಿದ್ದೆ. ಅಪ್ಪನಿಗೆ ಈಗ ರಾತ್ರಿ ಹೊತ್ತು ಕಣ್ಣು ಸರಿಯಾಗಿ ಕಾಣುವುದಿಲ್ಲ. ಆ ಸಲ ನೀರು ಸಂಜೆಗೇ ಬಂದಿತ್ತು. ಇಬ್ಬರೂ ಬದುವಿನ ಮೇಲೆ ನಿಧಾನವಾಗಿ ನಡೆದೆವು. ಭತ್ತ ಹೊಡೆ ಒಡೆದು ತೆನೆ ಬಾಗಿತ್ತು. ಕಾಲ್ಬೆರಳು, ಮಣ್ಣು, ಅಂತರ್ಯಾಮಿ, ಭೃಗು, ಎಲ್ಲ ಹೇಳಿದೆ. ಅಪ್ಪ ಹ್ಞೂಂ ಹ್ಞೂಂ ಅನ್ನುತ್ತಾ ಕೇಳಿದ. ಇಪ್ಪತ್ತು ವರ್ಷದ ಹಿಂದೆ ತಾನು ಕೇಳಿದ್ದ ಪ್ರಶ್ನೆ ಅವನಿಗೆ ನೆನಪಿರಲಿಲ್ಲ.

ಗದ್ದೆಯ ಕೆಳಗಿನ ಬದುವಿಗೆ ಬಂದೆವು. ನೀರು ಸಾಕಾಗಿತ್ತು. ಅಪ್ಪ ಗುದ್ದಲಿಯಿಂದ ಮಡೆ ಬಿಚ್ಚಿದ. ಜಾಸ್ತಿಯಾದ ನೀರು ಬಸಿಗಾಲುವೆಗೆ ಇಳಿದು ಕತ್ತಲಲ್ಲಿ ಹರಿಯತೊಡಗಿತು. ಅಷ್ಟು ವರ್ಷ ಅಲ್ಲಿ ನಿಂತಿದ್ದರೂ ನಾನು ಯಾವತ್ತೂ ಕೇಳಿರಲಿಲ್ಲ. ಈ ನೀರು ಎಲ್ಲಿಗೆ ಹೋಗುತ್ತೆ ಅಪ್ಪ?

"ಇನ್ನೆಲ್ಗೋದದು. ಹಳ್ಳಕ್ಕೆ. ಹಳ್ಳ ಶಿಂಷಾಗೆ." ಅಪ್ಪ ಗುದ್ದಲಿಯನ್ನು ಆ ನೀರಿನಲ್ಲೇ ಜಾಲಿಸಿ ಹೆಗಲಿಗೆ ಹಾಕಿಕೊಂಡ. "ಶಿಂಷಾ ಕಾವೇರಿಗೇ ತಾನೇ ಮಗ ಸೇರೋದು."